ಯಾರು ಮೊದಲು ಮಾತಾಡಬೇಕು

ಚುಯ್ಯ್, ಚುಯ್ಯ್, ಮೆಷಿನ್ನಿನಲ್ಲಿ ಅವರ ರಕ್ತ ಓಡುವ ಸದ್ದು, ವಿಶಲ್ ಬರುವ ಮುಂಚೆ ಕುಕ್ಕರ್ ಉಸಿರಾಡುತ್ತದಲ್ಲ ಹಾಗೆ, ಗಂಡನ ಕಣತಲೆಗೆ ಪಟ್ಟಿ ಬಿಗಿದು ಒತ್ತಿಟ್ಟ ಆ ಪುಟ್ಟ ಡಬ್ಬಿ ಮೆದುಳೊಳಗಿನದನ್ನೆಲ್ಲ ಕೇಳಿಸಿಕೊಳ್ಳುತ್ತಿದೆ — ಕಮಲಾದೇವಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಾಳೆ, ಬಾಯಿ ತೆಗೆಯಬಾರದು, ತೆಗೆದರೆ ಬರುತ್ತದೆ ಆ ಚೀಂ. ನಿನ್ನೆ ಎಷ್ಟು ಮುದ್ದಾಗಿತ್ತು ಅದು, ಗುಬ್ಬಿಮರಿಯ ಹಾಗೆ, ಮನೆಯಿರುವ ಇಟ್ಟಮಡುವಿನಲ್ಲಿ ಈಗೆಲ್ಲಿ ಗುಬ್ಬಿ, ಬರೀ ಪಾರಿವಾಳದ ಕಾಟ — ನಿನ್ನೆ ಕಿವಿಯ ಹತ್ತಿರ ಬಗ್ಗಿ, ರೀ, ನಾನು ರೀ ಅಂದಳು, ಚೀಂ, ಕೋಪ ಹೋಯ್ತಾ ಅಂದಳು, ಚೀಂ, ಅಯ್ಯೋ ಅಂತೂ ಮಾತಾಡಿದರಲ್ಲ ಮಹಾನುಭಾವರು, ಪಾರ್ಶ್ವವಾಯು ಬಡಿದು ಬಲಗೈ ಕೊರಡಾಗಿ ಬಿದ್ದಿರುವಾಗಲೂ ಎಂಥ ನಾಚಿಕೆಗೆಟ್ಟ ಖುಷಿ ಅವಳಿಗೆ, ಮೆಷಿನ್ ನೋಡುವ ಲತಾಮಣಿಯನ್ನು ಕೂಗಿ ಕರೆದಳು, ನೋಡಮ್ಮ, ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದಾರೆ. ಆ ಹುಡುಗಿಯ ಮುಖ ಇಳಿದುಹೋಯಿತು. ಅದು ಅವ್ರಲ್ಲ ಆಂಟಿ, ಕ್ಲಾಟು, ಕತ್ತಿನ ರಕ್ತನಾಳದಿಂದ ಹೆಪ್ಪು ಚೂರುಚೂರಾಗಿ ಕಿತ್ಕೊಂಡು ಮೆದುಳಿಗೆ ಹೋಗ್ತಿದೆ, ಒಂದೊಂದು ಹೋದಾಗ್ಲೂ ಹಂಗೇ ಸೌಂಡ್ ಬರುತ್ತೆ. ಆಮೇಲೆ ಡಾಕ್ಟರು, ಹಿಂಗೇ ಬರ್ತಿದ್ರೆ ಇನ್ನೊಂದು ಸ್ಟ್ರೋಕ್ ಆಗೋ ಚಾನ್ಸ್ ಜಾಸ್ತಿ ಅಮ್ಮ, ಮಾತ್ರೆ ಬದಲಾಯಿಸಿದೀವಿ, ನಾಳೆ ಮತ್ತೆ ಕೇಳಿ ನೋಡೋಣ.

ಆ ನಾಳೆಯೇ ಇವತ್ತು. ಕೋಪವಾದರೂ ಯಾತಕ್ಕೆ, ಸ್ಟಾರ್ಟೇ ಆಗದ ಅವರ ಹಳೇ ಸ್ಕೂಟರು, ಮೆಟ್ಟಿಲ ಕೆಳಗಿನ ಜಾಗವನ್ನೆಲ್ಲ ತಿನ್ನುತ್ತಿತ್ತು, ಅವರನ್ನು ಕೇಳದೆ ಗುಜರಿಗೆ ಹಾಕಿದಳು, ಅಷ್ಟೇ — ಚನ್ನಬಸವಯ್ಯನವರು ಒಂದು ಮಾತೂ ಬೈಯಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡರು, ಇವಳಿಗೂ ಹಟ, ಮೊದಲು ಅವರೇ ಮಾತಾಡಲಿ, ವಾರಗಟ್ಟಲೆ ತಟ್ಟೆ ಕುಕ್ಕಿ ಇಡುವುದೇ ಊಟಕ್ಕೆ ಕರೆಯುವುದು, ಗಂಟಲು ಕೆರೆಯುವುದೇ ಕಾಫಿ ಕೇಳುವುದು, ಈಗ ಬೇಕೆಂದರೂ ಅವರಿಗೆ ಮಾತಿಲ್ಲ. ಮಾತಾಡ್ಸಿ ಆಂಟಿ, ಯಾಕೆ ಸುಮ್ನಿದೀರ, ನೀವು ಮಾತಾಡೋದ್ರಿಂದೇನೂ ಕ್ಲಾಟ್ ಬರಲ್ಲ, ಎನ್ನುತ್ತಾಳೆ ಲತಾಮಣಿ, ಓದಿದವಳು, ನಿಜವೇ ಇರಬೇಕು, ಆದರೆ ನಿನ್ನೆ ಮಾತುಮಾತಿಗೂ ಬಂತಲ್ಲ, ರೀ ಅಂದಿದ್ದಕ್ಕೊಂದು ಚೂರು, ಕೋಪ ಹೋಯ್ತಾ ಅಂದಿದ್ದಕ್ಕೊಂದು ಚೂರು, ತಾನೇ ಕೈಯಾರೆ ಮೆದುಳಿಗೆ ದೂಡಿದ ಹಾಗೆ, ಚುಯ್ಯ್, ಚುಯ್ಯ್, ಸದ್ಯ, ಏನೂ ಇಲ್ಲ, ಹೀಗೇ ಇರಲಪ್ಪ ದೇವರೇ — ಚೀಂ. ತುಟಿ ಬಿಚ್ಚಿಲ್ಲ ನಾನು, ಉಸಿರೂ ಬಿಟ್ಟಿಲ್ಲ — ಚೀಂ. ಲತಾಮಣಿ ಪರದೆಯಿಂದ ಕಣ್ಣು ತೆಗೆಯುವುದಿಲ್ಲ, ಹಾಗಾದರೆ ಮಾತ್ರೆಯೂ ಹಿಡಿದಿಲ್ಲ, ಮೌನವೂ ಹಿಡಿದಿಲ್ಲ, ಮಾತಾಡಿಬಿಡಬಹುದಲ್ಲ ಈಗ, ಅವರು ಎದ್ದೇ ಇದ್ದಾರೆ, ಕಣ್ಣು ಬಿಟ್ಟುಕೊಂಡು ಅವಳ ಮುಖವನ್ನಲ್ಲ, ಬಾಯಿಯನ್ನು ನೋಡುತ್ತಿದ್ದಾರೆ, ಯಾವಾಗಿನಿಂದ ನೋಡುತ್ತಿದ್ದಾರೋ, ಇವಳಿಗಿನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡಿದ್ದಾರೆ, ಅಯ್ಯೋ ಇಲ್ಲ, ರೀ, ರೀ ಅನ್ನಬೇಕು, ಒಂದೇ ಅಕ್ಷರ, ಹಲ್ಲಿಗೆ ಸಿಕ್ಕಿದ ಸೆರಗು ಬಿಡುತ್ತಿಲ್ಲ, ಚೀಂ, ಆ ಕಣ್ಣು, ಅವಳ ಬಾಯಿಯ ಮೇಲೆ, ಕಾಯುತ್ತಾ, ಆ ಕಣ್ಣು