ಎದುರು ಗೋಡೆಯ ಕೆಂಪು ಕೈಗವಸು

ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕಿದ್ದಾರೆ, ವಾಸನೆ ಮೂಗಿಗೆ ಹೊಡೆಯುತ್ತಿದೆ, ಅದರ ಮೇಲೆ ಊರವರೆಲ್ಲರ ಬೂಟಿನ ಹಿಮ ಕರಗಿ ರಾಡಿ, ಪಾಪ ನಾಳೆ ಯಾರು ಒರೆಸಬೇಕೋ, ನಾನು ಈ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಾಗ ಆಟದ ಹಾಲಿಗೆ ಬೂಟು ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯುತ್ತಿದ್ದೆ — ಈಗ ನಾನೇ ಬೂಟಿನಲ್ಲಿ ನಿಂತಿದ್ದೇನೆ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ತಲೆಯ ಮೇಲೆ ಗೋಡೆಗೆ ಅಂಟಿಸಿದ ಕಾಗದ, ಅದರಲ್ಲಿ ದಪ್ಪ ಅಕ್ಷರದಲ್ಲಿ ಸ್ಟ್ರ್ಯಾಂಡ್. ಎಲಿಯಟ್ ಸ್ಟ್ರ್ಯಾಂಡ್, ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನು ಈ ದೇಶದ ಅಧ್ಯಕ್ಷನಾಗುತ್ತೇನೆ ಅಂದ ಗಂಡಸು, ಬೇಸಿಗೆಯಲ್ಲಿ ನಮ್ಮ ಗ್ರಂಥಾಲಯದ ಹಿಂದಿನ ಹುಲ್ಲಿನ ಮೇಲೆ ನಿಂತು ಭಾಷಣ ಮಾಡಿದ, ಏನು ಹೇಳಿದನೋ ಒಂದು ಮಾತೂ ನೆನಪಿಲ್ಲ, ಮುಗಿದ ಮೇಲೆ ಗಂಡ ಬಂದು ಅವನ ಅಂಗಿಯ ಕಾಲರು ಸರಿಮಾಡಿದ, ಅಷ್ಟೇ, ಯಾರೂ ಎದ್ದು ಹೋಗಲಿಲ್ಲ, ಮುಂದಿನ ಸಾಲಿನ ಮುದುಕಿ ನಿಂಬೆ ಪಾನಕ ಹೀರುತ್ತಲೇ ಇದ್ದಳು, ನಾನು ಹೋಗಿ ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಆ ಕಾಲರಿಗಾಗಿ ಇಲ್ಲಿ ನಿಂತಿದ್ದೇನೆ, ಎಪ್ಪತ್ತೆರಡರ ಮಂಡಿ ಹಿಡಿದುಕೊಂಡು. ನಮ್ಮ ಅಯೋವಾ ರಾಜ್ಯದಲ್ಲಿ ಅಧ್ಯಕ್ಷ ಚುನಾವಣೆಗೆ ಪಕ್ಷದ ಹುರಿಯಾಳನ್ನು ಆರಿಸುವುದು ಹೀಗೇ, ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಯಾರು ಬೇಕೋ ಅವರ ಹೆಸರಿನ ಕೆಳಗೆ ಹೋಗಿ ನಿಲ್ಲಬೇಕು, ಎಣಿಸುವಾಗ ಕೈ ಎತ್ತಬೇಕು, ಹಲ್ಲಿನ ಡಾಕ್ಟರಿಂದ ಹಿಡಿದು ಹಾಲು ಕರೆಯುವವರವರೆಗೆ ಎಲ್ಲರೂ ಎಲ್ಲರನ್ನೂ ನೋಡುತ್ತಾರೆ. ನೋಡಲಿ. ಎದುರು ಗೋಡೆಗೆ ಲೋಯಿಸ್ ನಿಂತಿದ್ದಾಳೆ, ನನ್ನ ಲೋಯಿಸ್, ಸೆನೆಟರ್ ಗ್ಲೋರಿಯಾ ಪ್ಯಾಟ್ನೋ ಹೆಸರಿನ ಕೆಳಗೆ. ನಾನು ಆ ಕಡೆ ನೋಡುತ್ತಿಲ್ಲ. ನೋಡುವ ಪದ್ಧತಿ ನಮಗಿಲ್ಲ.

ಪದ್ಧತಿ ಶುರುವಾದದ್ದು ಅವಳಿಂದಲೇ, ನಾವಿಬ್ಬರೂ ಮೊದಲ ಸಲ ಇಲ್ಲಿಗೆ ಬಂದ ಚಳಿಗಾಲ, ಕಾರು ನಿಲ್ಲಿಸಿ ಕನ್ನಡಿಯಲ್ಲಿ ತುಟಿ ನೋಡಿಕೊಳ್ಳುತ್ತಾ, ಆರ್ಡಿಸ್ ನೀನು ಯಾವ ಗೋಡೆಗೆ ಹೋಗ್ತೀಯೋ ಹೇಳು, ನಾನು ಇನ್ನೊಂದಕ್ಕೆ ಹೋಗ್ತೀನಿ, ಒಟ್ಟಿಗೆ ಮಾತ್ರ ನಿಲ್ಲೋದು ಬೇಡ ಕಣೇ, ನಿನ್ನ ಕೆಲಸ ಹೋಗುತ್ತೆ, ಅಂದಳು. ಹೋಗುತ್ತಿತ್ತು ಕೂಡ. ಒಂದು ಮನೆ, ಒಂದು ಕಾರು, ಬಾಡಿಗೆ ಹಂಚಿಕೊಳ್ಳುವ ಗೆಳತಿಯರು ಅಂತ ಊರಿಗೆ ಹೇಳಿದ್ದೆವು, ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಬಾಗಿಲಲ್ಲಿ ಕೋಟು ಬಿಚ್ಚಿದ ಕೂಡಲೇ ಅವಳು ಆ ಕಡೆ, ನಾನು ಈ ಕಡೆ, ಮತ್ತೆ ಕಾರು ಹತ್ತುವವರೆಗೆ ತಿರುಗಿ ನೋಡುವ ಹಾಗಿಲ್ಲ. ಆದರೆ ಅವಳ ಕೈ ಸದಾ ತಣ್ಣಗೆ, ಒಳಗೆ ಬಂದರೂ ಕೈಗವಸು ತೆಗೆಯುವುದಿಲ್ಲ, ನಾನೇ ಹೆಣೆದದ್ದು, ಹೆಬ್ಬೆರಳು ಸ್ವಲ್ಪ ಉದ್ದವಾಗಿಬಿಟ್ಟ ಕೆಂಪು ಕೈಗವಸು, ಎಣಿಸುವಾಗ ಅಷ್ಟು ತಲೆಗಳ ಮೇಲೆ ಅದೊಂದು ಕೆಂಪಗೆ ಏಳುತ್ತಿತ್ತು, ಕಣ್ಣಂಚಿನಲ್ಲಿ ಅಷ್ಟು ಸಿಕ್ಕರೆ ನನಗೆ ಸಾಕಾಗುತ್ತಿತ್ತು, ಇದ್ದಾಳೆ, ಇಲ್ಲೇ ಇದ್ದಾಳೆ. ನಮ್ಮಂಥವರೂ ಮದುವೆಯಾಗಬಹುದು ಅನ್ನುವ ಕಾನೂನು ಬಂದ ವರ್ಷ ಪಕ್ಕದ ಜಿಲ್ಲೆಗೆ ಹೋಗಿ ಮದುವೆಯಾದೆವು, ವಾಪಸ್ ಬರುವಾಗ ಊರಿನ ನೀರಿನ ಟ್ಯಾಂಕು ಕಂಡದ್ದೇ ಇಬ್ಬರೂ ಉಂಗುರ ತೆಗೆದು ಪರ್ಸಿಗೆ ಹಾಕಿಕೊಂಡೆವು, ಯಾರೂ ತೆಗೆ ಅನ್ನಲಿಲ್ಲ, ಕೈಗೆ ಅಭ್ಯಾಸವಾಗಿಹೋಗಿತ್ತು. ಆದರೆ ಈ ಸಲ ನಾಟಕವಲ್ಲ, ಈ ಸಲ ನಿಜವಾದ ಜಗಳ, ತಿಂಗಳಿಂದ ಅಡುಗೆಮನೆಯಲ್ಲಿ ಅದೇ ಪಾಠ, ಅವನು ನಮ್ಮವನು ಕಣೇ ಲೋಯಿಸ್, ಇಂಥದ್ದು ನೋಡೋಕೆ ಇಷ್ಟು ವರ್ಷ ಕಾದಿಲ್ವಾ — ನಮ್ಮವನಾದ್ರೆ? ಹಳ್ಳಿ ಆಸ್ಪತ್ರೆಗಳ ದುಡ್ಡು ಕತ್ತರಿಸೋಕೆ ಕೈ ಎತ್ತಿದವನು ತಾನೇ, ಆ ಯಮ್ಮ ಸೆನೆಟಲ್ಲಿ ಕಿರುಚಾಡಿ ಉಳಿಸಿಕೊಟ್ಳು, ನಿನ್ನವನನ್ನ ನೀನೇ ಮುದ್ದು ಮಾಡು, ನಂಗೆ ಆಸ್ಪತ್ರೆ ಬೇಕು. ಹೀಗಂದು ಬೀನ್ಸು ಮಾಂಸದ ಚಿಲಿ ಸಾರಿನ ಪಾತ್ರೆಗೆ ಸೌಟು ಕುಟ್ಟುತ್ತಾಳೆ, ಆಮೇಲೆ ದಾಲ್ಚಿನ್ನಿ ರೋಲಿನ ಮಧ್ಯದ ಮೆತ್ತನೆ ಭಾಗ ಮಾತ್ರ ನನ್ನ ತಟ್ಟೆಗೇ ಹಾಕುತ್ತಾಳೆ. ಸಮೀಕ್ಷೆಯವನು ಫೋನ್ ಮಾಡಿದ್ದ, ಮದುವೆಯ ದಾಖಲೆಯಲ್ಲಿ ಹೆಸರು ಸಿಕ್ಕಿತ್ತೋ ಏನೋ, ನಿಮ್ಮ ಸಮುದಾಯದ ಒಲವು ಯಾರ ಕಡೆ ಮೇಡಂ, ಸಲಿಂಗಿ ಮತದಾರರೆಲ್ಲ ಸ್ಟ್ರ್ಯಾಂಡ್ ಕಡೆ ಅಂತಾರಲ್ಲ, ನಿಜವಾ, ಲೋಯಿಸ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ನಮ್ಮ ಸಮುದಾಯ ಈ ಮನೇಲೇ ಎರಡು ಪಾರ್ಟಿ ಆಗಿದೆ ಮಗೂ, ನೀನು ಯಾವ ಕಡೆದು ಬರ್ಕೋತೀಯ, ಅಂದಳು. ಹಂದಿ ಸಾಕುವ ವರ್ಲಿನ್ ಮತ್ತವನ ಸಂಗಾತಿ ಕ್ರೇಗ್ ಇಬ್ಬರೂ ಮೂರನೇ ಹುರಿಯಾಳು ಆ ಕೆಂಪು ಟೈ ಮುದುಕನ ಕಡೆ, ಕಾಲೇಜಿನ ಸಾಲ ಮನ್ನಾ ಮಾಡುತ್ತೇನೆ ಅನ್ನುವವನು, ಕ್ರೇಗನಿಗೆ ಕಾಲೇಜಿಗೆ ಹೋಗುವ ಮೂರು ಜನ ಸೋದರಳಿಯಂದಿರು. ನಮ್ಮವರು ಯಾವತ್ತಾದರೂ ಒಂದು ಗೋಡೆಗೆ ನಿಂತದ್ದುಂಟೇ, ನಗು ಬರುತ್ತದೆ.

ಆಸ್ಪತ್ರೆ ಬೇಡ ಅಂತ ನಾನು ಎಲ್ಲಿ ಹೇಳಿದೆ, ಹೇಗೆ ಹೇಳಲಿ — ಹೋದ ಚಳಿಗಾಲ, ಅವಳು ಬಚ್ಚಲ ಬಾಗಿಲಲ್ಲಿ ಕುಸಿದಳು, ರಸ್ತೆಯ ಮೇಲೆ ಸೊಂಟದವರೆಗೆ ಹಿಮ, ಪಕ್ಕದ ಹೊಲದ ಡ್ವೇನ್ ತನ್ನ ಟ್ರ್ಯಾಕ್ಟರಿನಲ್ಲಿ ಹಿಮ ತಳ್ಳುತ್ತಾ ಮುಂದೆ, ನಾನು ಅವಳನ್ನು ಸೀಟಿನಲ್ಲಿ ಒರಗಿಸಿಕೊಂಡು ಹಿಂದೆ, ಅವಳು ನರ್ಸಾಗಿ ದುಡಿದ ಅದೇ ಆಸ್ಪತ್ರೆ, ಊರಿನಾಚೆಗೇ ಇತ್ತು, ಇತ್ತು ಅದಕ್ಕೇ ಅವಳು ಇದ್ದಾಳೆ, ಈಗ ಎದೆಯಲ್ಲಿ ಪೇಸ್‌ಮೇಕರ್. ಹೊಸ ನರ್ಸ್ ಹುಡುಗಿ ಬಾಗಿಲಿಗೆ ಅಡ್ಡ ನಿಂತು, ನೀವು ಅವರಿಗೆ ಏನಾಗಬೇಕು? ನನ್ನ ನಾಲಿಗೆ ಎಂದಿನಂತೆ ಗೆಳತಿ ಅಂದುಬಿಟ್ಟಿತು, ಉಂಗುರ ಪರ್ಸಿನಲ್ಲಿ, ಪರ್ಸು ಮನೆಯಲ್ಲಿ, ಆಗ ಬೆನ್ನ ಹಿಂದಿನಿಂದ ಡ್ವೇನ್, ಗಡ್ಡದ ತುಂಬ ಹಿಮ, ಟೋಪಿ ಕೈಯಲ್ಲಿ ಹಿಡಿದು, ಅವಳು ಹೆಂಡ್ತಿ ಕಣಮ್ಮ, ಒಳಗೆ ಬಿಡು. ಎಷ್ಟು ಸುಲಭವಾಗಿ ಅಂದ, ಮಳೆ ಬರುತ್ತೆ ಒಣಗಿದ ಬಟ್ಟೆ ತೆಗಿ ಅನ್ನುವ ಹಾಗೆ. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಅವನ ಮನೆಗೆ ಪೈ ಮಾಡಿ ಕೊಟ್ಟೆ, ತಿಂದ. ದೇವರೇ, ಎಂಥ ಜನರ ನಡುವೆ ಇಟ್ಟಿದ್ದೀಯ, ನಾನು ಜೀವಮಾನವೆಲ್ಲ ಹೆದರಿದ್ದು ಇವರಿಗೇನಾ. ಈಗ ಅವನೇ ಇಲ್ಲಿ ಅಧ್ಯಕ್ಷತೆ ವಹಿಸಿದ್ದಾನೆ, ಕುತ್ತಿಗೆಗೆ ಸೀಟಿ ಹಾಕಿಕೊಂಡು ಗೋಡೆಯಿಂದ ಗೋಡೆಗೆ ಎಣಿಸುತ್ತಿದ್ದಾನೆ, ನಮ್ಮದು ಆಯಿತು, ನಾನೂ ಕೈ ಎತ್ತಿದೆ, ಆ ಹೆಸರಿನ ಕೆಳಗೆ, ನೆಟ್ಟಗೆ, ಕಿವಿಗೆ ತಾಗುವ ಹಾಗೆ, ಇಷ್ಟಾದರೂ ಬದುಕಿದ್ದು ನೋಡಿದೆನಲ್ಲ, ಅದೇ ಭಾಗ್ಯ. ಕೊನೆಗೆ ಪ್ಯಾಟ್ನೋ ಗೋಡೆ, ಕಣ್ಣಂಚಿನಲ್ಲಿ ಕೆಂಪಗೆ ಎದ್ದಿತು, ಇದ್ದಾಳೆ.

ಡ್ವೇನ್ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದಾನೆ, ನೂರಕ್ಕೆ ಹದಿನೈದು ಜನ ಇಲ್ಲದ ಗುಂಪು ಉಳಿಯಂಗಿಲ್ಲ, ಸ್ಟ್ರ್ಯಾಂಡ್ ಗುಂಪಿಗೆ ಒಂದು ತಲೆ ಕಮ್ಮಿ, ಯಾರನ್ನಾದ್ರೂ ಕರ್ಕೊಳ್ಳಿ, ಇಲ್ಲ ಬೇರೆ ಗೋಡೆಗೆ ಹೊರಡಿ. ಒಂದು ತಲೆ. ನಮ್ಮ ಗುಂಪಿನ ಮುಂದಾಳು ಟೆಸ್ಸಾ, ಕಾಲೇಜು ಹುಡುಗಿ, ಅರ್ಧ ತಲೆ ಬೋಳಿಸಿಕೊಂಡಿದ್ದಾಳೆ, ಚೆನ್ನಾಗೇ ಕಾಣುತ್ತದೆ, ನನ್ನ ತೋಳು ಹಿಡಿದು, ಆರ್ಡಿಸ್, ಪ್ಲೀಸ್, ಲೋಯಿಸ್ ಅವರನ್ನ ಕರೀರಿ, ನೀವು ಕರೆದ್ರೆ ಬಂದೇ ಬರ್ತಾರೆ. ಬರುತ್ತಾಳೆ. ಅದೇ ಕಷ್ಟ, ಬಂದೇ ಬರುತ್ತಾಳೆ, ಗೊಣಗಿಕೊಂಡು ಬರುತ್ತಾಳೆ, ನಾನು ಒಂದು ಸಲ ಆ ಕಡೆ ತಿರುಗಿ ಹುಬ್ಬೆತ್ತಿದರೆ ಸಾಕು, ಎಲಿಯಟ್ ಉಳಿಯುತ್ತಾನೆ, ಕಾಲರು ಉಳಿಯುತ್ತದೆ, ಈ ಊರಿನ ಲೆಕ್ಕದಲ್ಲಿ ನಮ್ಮವನೊಬ್ಬನ ಹೆಸರು ಉಳಿಯುತ್ತದೆ — ಬೇಡ, ತನ್ನ ಉಸಿರು ಉಳಿಸಿದ ಆಸ್ಪತ್ರೆಗಾಗಿ ಆ ಹೆಸರಿನ ಕೆಳಗೆ ನಿಂತವಳನ್ನು ಅಲ್ಲಿಂದ ಕದಲಿಸಿ ಕರೆಯಲೇ, ಇಲ್ಲಮ್ಮ ಟೆಸ್ಸಾ, ಅವಳು ಅವಳ ಗೋಡೆಗೇ ಇರಲಿ, ಅವಳ ಓಟು ಅವಳದು. ಟೆಸ್ಸಾಳ ಕಣ್ಣು ತುಂಬಿತು, ಮರುಕ್ಷಣ ನನ್ನ ಕೆನ್ನೆಗೆ ಮುತ್ತಿಟ್ಟು, ನೀವು ನಿಂತಿದ್ರಲ್ಲ ಆರ್ಡಿಸ್, ಅಷ್ಟು ಸಾಕು, ಅಂದು ಗುಂಪಿನ ಉಳಿದವರನ್ನೆಲ್ಲ ಕಟ್ಟಿಕೊಂಡು ಕೆಂಪು ಟೈನವನ ಗೋಡೆಗೆ ಹೋಯಿತು ಮಗು, ಹೋಗುವಾಗ ಗೋಡೆಯ ಕಾಗದ ಬಿಡಿಸಿ ಮಡಚಿ ನನ್ನ ಕೈಲಿಟ್ಟಳು. ಈಗ ಬುಟ್ಟಿಯ ಕೆಳಗೆ ನಾನೊಬ್ಬಳೇ, ಎತ್ತ ಹೋಗಲಿ, ಮನೆಗೆ ಹೋಗಬಹುದು, ಕಾರಿನಲ್ಲಿ ಕೂತು ಕಾಯಬಹುದು, ಎಂದಿನಂತೆ, ಮೊದಲು ಬಂದವರು ಹೀಟರ್ ಹಾಕಿಡುವುದು — ಲೋಯಿಸ್, ಅಂತ ಡ್ವೇನನ ದನಿ, ನಿನ್ನ ಲೆಕ್ಕ ಆಗ್ಲೇ ಆಯ್ತು ಕಣಮ್ಮ, ಕೈ ಇಳ್ಸು, ಜನ ನಕ್ಕರು, ಏನಿದು, ಇನ್ನೂ ಎತ್ತಿದ್ದಾಳಾ, ತೋಳು ನೋಯುವುದಿಲ್ಲವೇ, ಪೇಸ್‌ಮೇಕರ್ ಕಡೆಯ ತೋಳು ಹೆಚ್ಚು ಹೊತ್ತು ಎತ್ತಬೇಡ ಅಂತ ಡಾಕ್ಟರು ಅಂದಿಲ್ಲವೇ, ಲೆಕ್ಕಕ್ಕೆ ಎತ್ತಿದ್ದಲ್ಲ ಡ್ವೇನ್, ಅಂತ ಅವಳ ದನಿ, ನನ್ನ ಹೆಂಡ್ತಿ ಅಲ್ಲಿ ಒಬ್ಳೇ ನಿಂತಿದಾಳೆ, ಕಾಣ್ಲಿ ಅಂತ.

ಡ್ವೇನ್ ಬಾಯಿಗಿಟ್ಟ ಸೀಟಿ ತೆಗೆದು, ಅಂತೂ ಬಾಯಿ ಬಿಟ್ಯಲ್ಲಾ ಲೋಯಿಸ್, ಇಷ್ಟು ವರ್ಷ ಒಂದೇ ಕಾರಲ್ಲಿ ಬಂದು ಎರಡು ಗೋಡೆಗೆ ನಿಲ್ತಿದ್ರಿ, ಗಂಡ ಹೆಂಡ್ತಿ ಬಿಟ್ಟು ಇನ್ಯಾರು ಅಷ್ಟು ಜಗಳ ಕಾಯ್ತಾರೆ ಅಂತ ನಮ್ಮಪ್ಪನೇ ಹೇಳ್ತಿದ್ದ, ಅಂದ, ಮತ್ತೆ ನಗು, ಮೆತ್ತನೆ ನಗು, ನಾನು ತಿರುಗಿದೆ, ತಿರುಗಿ ನೋಡುತ್ತಿದ್ದೇನೆ, ನೆಟ್ಟಗೆ, ಎಲ್ಲರ ಮುಂದೆ, ನಡುವೆ ಒದ್ದೆ ನೆಲ, ನೆಲಕ್ಕೆ ಬಳಿದ ಶಾಲೆಯ ಲಾಂಛನದ ಗಿಡುಗನ ಚಿತ್ರ, ಯಾರೂ ದಾರಿಗೆ ಅಡ್ಡ ನಿಂತಿಲ್ಲ, ಮಂಡಿ ಹಿಡಿದಿದೆ, ಹೋಗುತ್ತೇನೆ, ಎಲಿಯಟ್ ನಿನಗೂ ಥ್ಯಾಂಕ್ಸ್ ಕಣಪ್ಪ, ಕಾಗದ ಕೋಟಿನ ಜೇಬಿನಲ್ಲಿದೆ, ಗ್ಲೋರಿಯಾ ನಿನಗೂ, ಡ್ವೇನನ ಅಪ್ಪನಿಗೂ, ಒಂದು ಕಾಲು ಮುಂದಿಟ್ಟೆ, ಇನ್ನೊಂದು, ತಲೆಗಳ ಮೇಲೆ ಅದು ಇನ್ನೂ ಇಳಿದಿಲ್ಲ, ಇಳಿದಿಲ್ಲ, ಹೆಬ್ಬೆರಳು ಸ್ವಲ್ಪ ಉದ್ದವಾದ ಕೆಂಪು ಕೈಗವಸು