ಹೆಜ್ಜೇನುಕಲ್ಲಿನ ಬಿಳಿ ಬೆನ್ನು

ನಾನು ಒಂದು ಕ್ಯಾಮೆರಾ. ಮದುವೆಮನೆಯಲ್ಲಿ ಎಲ್ಲರನ್ನೂ ನಗಿಸಿ ನಿಲ್ಲಿಸುವ ಜಾತಿಯದಲ್ಲ, ಕಾಡಿನ ಮರಕ್ಕೆ ಬೆಲ್ಟು ಬಿಗಿದು ಕಟ್ಟಿಹಾಕುವ ಜಾತಿಯದು. ಬಿಸಿ ಮೈಯ ಯಾವ ಜೀವ ಎದುರು ಹಾದರೂ ತಾನಾಗಿ ಕಣ್ಣು ಬಿಡುತ್ತೇನೆ. ಯಾರು ಬಂದರು, ಎತ್ತ ಹೋದರು ಎಂದು ನೋಡದೆ ಇರಲಾರದ ಚಪಲ ನನಗೆ ಹುಟ್ಟಿನಿಂದ ಬಂದದ್ದು. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಅಲ್ಲೊಬ್ಬ ಹೆಂಗಸು ನನ್ನ ಮುಂದೆ ಅಂಗೈ ಆಡಿಸಿದಳು, ನಾನು ಕಣ್ಣು ಬಿಟ್ಟೆ, ಅವಳು ಪೆಟ್ಟಿಗೆ ಮುಚ್ಚಿದಳು.

ಮತ್ತೆ ಬೆಳಕು ಕಂಡದ್ದು ಕೊಳ್ಳೇಗಾಲದಾಚೆಯ ಬೆಟ್ಟಗಳ ಬುಡದಲ್ಲಿ, ಒಂದು ಸಂಶೋಧನಾ ಕೇಂದ್ರದ ಮೇಜಿನ ಮೇಲೆ. ಹುಲಿ ಎಣಿಸಲು ನಮ್ಮನ್ನು ತರಿಸಿದ್ದರು. ಮೈಥಿಲಿ ಎಂಬ ಸಂಶೋಧಕಿ ನನ್ನ ಬೆನ್ನಿಗೆ ಹದಿನೇಳು ಎಂದು ಬಣ್ಣದಲ್ಲಿ ಬರೆದು ಅಚ್ಚುಗೇಗೌಡನ ಕೈಗೆ ಕೊಟ್ಟಳು. ಅಚ್ಚುಗೇಗೌಡ ಸೋಲಿಗರವನು, ಐವತ್ತು ದಾಟಿದ ಕಾಡುಕಾವಲಿನ ವಾಚರ್. ಇವತ್ತು ಇದ್ದು ನಾಳೆ ಇಲ್ಲದ ಕೆಲಸ ಅವನದು.

ಅವನು ನನ್ನನ್ನು ಕಟ್ಟಿದ್ದು ಹೆಜ್ಜೇನುಕಲ್ಲಿನ ಕೆಳಗೆ. ಅದೊಂದು ಎತ್ತರದ ಬಂಡೆ, ಮೇಲೆ ಸಾಲಾಗಿ ಜೇನು, ಬುಡದಲ್ಲಿ ಕಾಲುದಾರಿ. ದಾರಿಯ ಎದುರು ಬದಿಗೆ ನನ್ನ ಜೊತೆಗಾರ ಹದಿನೆಂಟು. ನಡುವೆ ಹುಲಿ ಹೋದರೆ ಅದರ ಎರಡೂ ಪಕ್ಕೆಯ ಪಟ್ಟೆ ಸಿಗಬೇಕು, ಪಟ್ಟೆ ನೋಡಿಯೇ ಯಾವ ಹುಲಿ ಎಂದು ಗುರುತು ಹಿಡಿಯುವುದು. ಹಾಗಾಗಿ ನಮ್ಮ ಕಣ್ಣು ಹುಲಿಯ ಪಕ್ಕೆಯ ಎತ್ತರಕ್ಕೇ ಇರಬೇಕೆಂದು ಕಟ್ಟುನಿಟ್ಟು.

ಮೂರು ವರ್ಷ ಹಾಗೇ ನಡೆಯಿತು. ಹುಲಿ, ಕಡವೆ, ಕರಡಿ, ಎಲ್ಲವನ್ನೂ ನೋಡಿದೆ. ಒಂದನ್ನು ಮಾತ್ರ ನೋಡಿಯೂ ನೋಡಲಾಗಲಿಲ್ಲ. ಆಗಾಗ ಏನೋ ಬಿಸಿಯಾದದ್ದು ನನ್ನ ಕೆಳಗೇ ನುಸುಳಿಕೊಂಡು ಹೋಗುತ್ತಿತ್ತು. ನಾನು ಕಣ್ಣು ಬಿಟ್ಟಾಗ ಚಿತ್ರದ ತಳದಲ್ಲಿ ಒಂದು ಬಿಳಿ ಗೆರೆ, ಅಷ್ಟೆ. ಯಾರಪ್ಪಾ ಇದು ಎಂದು ತಲೆ ಕೆಡಿಸಿಕೊಂಡೆ. ಬಗ್ಗಿ ನೋಡೋಣವೆಂದರೆ ನನಗೆಲ್ಲಿಯ ಕುತ್ತಿಗೆ! ಕೇಂದ್ರದವರು ಆ ಚಿತ್ರಗಳನ್ನು 'ಖಾಲಿ' ಎಂಬ ಗುಂಪಿಗೆ ತಳ್ಳುತ್ತಿದ್ದರು.

ನಾಲ್ಕನೆಯ ಬೇಸಿಗೆಯಲ್ಲಿ ಮೈಥಿಲಿ ನನ್ನೊಳಗಿನ ಚಿತ್ರದ ಕಾರ್ಡು ತೆಗೆಯಲು ಬಂದಳು. ಜೊತೆಗೆ ಅಚ್ಚುಗೇಗೌಡ ಮತ್ತು ಗಾರ್ಡ್ ಮಲ್ಲೇಶ. ಅವಳು ಒಂದು ಚಪ್ಪಟೆ ಕಲ್ಲಿನ ಮೇಲೆ ಕಂಪ್ಯೂಟರ್ ಇಟ್ಟು ಖಾಲಿ ಚಿತ್ರಗಳನ್ನು ಸರಸರ ಸರಿಸುತ್ತಿದ್ದಾಗ ಅಚ್ಚುಗೇಗೌಡ ಕೈ ಅಡ್ಡ ಹಿಡಿದ.

"ನಿಲ್ಸಿ ಮೇಡಮ್ಮೋರೆ. ಅದೇ ಕನ ಇದು. ತರಕರಡಿ."

"ಬಿಸಿಲು ಬಿದ್ದಿರೋದು ಅಚ್ಚುಗಣ್ಣ."

"ಈ ಕಲ್ಲಿಗೆ ಬಿಸ್ಲು ಬರೋದು ಮಧ್ಯಾನ ತಿರುಗಿದ ಮ್ಯಾಲೆ. ಬೆಳಕರಿಯೋ ಹೊತ್ನಲ್ಲಿ ಎಲ್ಲಿಂದ ಬಂದದು?"

ಮಲ್ಲೇಶನಿಗೆ ನಗು. "ಗೌಡ ಪುನುಗುಬೆಕ್ಕು ನೋಡಿರ್ತಾನೆ ಮೇಡಂ. ಅವರಪ್ಪನೂ ಹಿಂಗೇ ಹೇಳ್ಕೊಂಡು ತಿರುಗ್ತಿದ್ದ, ಊರೆಲ್ಲ ನಗ್ತಿದ್ರು."

ಅಚ್ಚುಗೇಗೌಡನ ಮುಖ ಚಿಕ್ಕದಾಯಿತು. ಆದರೂ ಬಿಡಲಿಲ್ಲ. ಸೋಲಿಗರು ಜೇನು ಕೊಯ್ದಾಗ ಒಂದು ತುಂಡು ಜೇನಿನ ರೊಟ್ಟನ್ನು ಬಂಡೆಯ ಬುಡದಲ್ಲಿ ಬಿಟ್ಟುಬರುತ್ತಾರೆ. ಹುಲಿಗೆ ಬಂಡೆ ಹತ್ತಲು ಬಾರದು, ಅದರ ಪಾಲು ಅದಕ್ಕಿರಲಿ ಎಂದು. ಆ ಪಾಲನ್ನು ಹುಲಿಗಿಂತ ಮೊದಲು ಬಂದು ತಿನ್ನುವುದು ತರಕರಡಿ, ಹೆಸರಿಗಷ್ಟೇ ಕರಡಿಯಾದ ಬಿಳಿ ಬೆನ್ನಿನ ಪುಟ್ಟ ಪ್ರಾಣಿ, ಎಂದು ಅವನ ಅಪ್ಪ ಹೇಳುತ್ತಿದ್ದನಂತೆ. ನಡುವೆ ಎಷ್ಟೋ ವರ್ಷ ಆ ತುಂಡನ್ನು ಇರುವೆ ಮಾತ್ರ ತಿಂದವು. ಈಚಿನ ಮೂರು ವರ್ಷದಿಂದ ಮತ್ತೆ ಮೇಣವೂ ಉಳಿಯುತ್ತಿಲ್ಲ, ಈ ಸಲವಂತೂ ಸುತ್ತ ನೆಲವನ್ನೇ ಕೆದರಿ ಹಾಕಿದೆ, ಉಗುರಿನ ಗುರುತು ಬೆರಳುದ್ದ.

ಮೈಥಿಲಿ ಕೇಳಿಸಿಕೊಂಡಳು. ದೂರದೇಶದ ಹಿಮದ ಬೆಟ್ಟಗಳಲ್ಲಿ ಇದರ ದಾಯಾದಿ ಒಂದಿದೆ, ವುಲ್ವರಿನ್ ಎಂದು, ಅದೂ ಕಾಣೆಯಾಗಿ ಈಗ ಕೆಲವೆಡೆ ತಿರುಗಿ ಬರುತ್ತಿದೆ ಎಂದಳು. ಆದರೆ ಈ ಬೆಟ್ಟದ ಪ್ರಾಣಿಗಳ ಪಟ್ಟಿಯಲ್ಲಿ ತರಕರಡಿ ಇರಲಿಲ್ಲ. "ಗೆರೆ ತೋರಿಸಿದರೆ ಯಾರೂ ನಂಬಲ್ಲ ಅಚ್ಚುಗಣ್ಣ. ಹಾಗಂತ ಎಣಿಕೆ ಮುಗಿಯೋವರೆಗೂ ಕ್ಯಾಮೆರಾ ಕೆಳಗಿಳಿಸಬೇಡಿ, ಹುಲಿಯ ಪಟ್ಟೆ ತಪ್ಪುತ್ತೆ."

ಎಣಿಕೆ ಮುಗಿಯಲು ಇನ್ನು ಎಂಟು ದಿನವಿತ್ತು. ಮುಗಿದ ಕೂಡಲೇ ನಮ್ಮನ್ನು ಬೇರೆ ಬೆಟ್ಟಕ್ಕೆ ಒಯ್ಯುವುದೆಂದು ತೀರ್ಮಾನವಾಗಿತ್ತು.

ಮಾರನೆಯ ದಿನ ಅಚ್ಚುಗೇಗೌಡ ಒಬ್ಬನೇ ಬಂದ. ನನ್ನೆದುರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನನ್ನನ್ನೇ ನೋಡಿದ. "ಕೆಲ್ಸ ಹೋದ್ರೆ ಹೋಗ್ಲಿ. ನಮ್ಮಪ್ಪ ಸುಳ್ಳ ಅಲ್ಲ," ಎಂದ. ಬೆಲ್ಟು ಸಡಿಲಿಸಿ ನನ್ನನ್ನು ಒಂದು ಗೇಣು ಕೆಳಕ್ಕೆ ಕಟ್ಟಿದ. 

ಎರಡೇ ದಿನಕ್ಕೆ ಹೆಣ್ಣುಹುಲಿ ಬಂತು. ನನಗೆ ಸಿಕ್ಕಿದ್ದು ನಾಲ್ಕು ಕಾಲು, ಪಟ್ಟೆಯ ಸುಳಿವೇ ಇಲ್ಲ. ನನಗೆ ಅಯ್ಯೋ ಅನ್ನಿಸಿತು. ಈ ಮನುಷ್ಯನ ಕೆಲಸ ಹೋಯಿತು ಎಂದುಕೊಂಡೆ.

ಐದನೆಯ ದಿನದ ನಸುಕಿನಲ್ಲಿ ಆ ಬಿಸಿ ಮತ್ತೆ ಬಂತು. ಈ ಸಲ ಅದು ನನ್ನ ಕಣ್ಣಿಗೆ ನೇರ. ನಾಯಿಮರಿಯಷ್ಟು ಎತ್ತರ, ಹೊಟ್ಟೆ ಕಾಲು ಕಪ್ಪು, ತಲೆಯಿಂದ ಬಾಲದವರೆಗೆ ಬಿಳಿ ಕಂಬಳಿ ಹೊದ್ದ ಹಾಗೆ ಬೆನ್ನು. ಯಾರಪ್ಪನ ಭಯವೂ ಇಲ್ಲದ ನಡಿಗೆ. ಹಿಂದೆಯೇ ಒಂದು ಮರಿ. ತಾಯಿ ನನ್ನ ಹತ್ತಿರ ಬಂದು ಮೂಗಿನಿಂದ ಮೂಸಿತು. ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎಣಿಕೆ ಮುಗಿದ ದಿನ ಮಲ್ಲೇಶ ಮೊದಲು ಕಂಡದ್ದು ಹುಲಿಯ ಕಾಲುಗಳನ್ನು. "ಯಾರು ಇಳಿಸಿದ್ದು ಇದನ್ನ?"

"ನಾನೇ," ಎಂದ ಅಚ್ಚುಗೇಗೌಡ.

ಎದುರಿನ ಹದಿನೆಂಟರಲ್ಲಿ ಆ ಹುಲಿಯ ಒಂದು ಪಕ್ಕೆ ಸಿಕ್ಕಿದ್ದರಿಂದ ಲೆಕ್ಕ ತಪ್ಪಲಿಲ್ಲ. ಆದರೂ ಮಾತು ಮೀರಿದ್ದಕ್ಕೆ ಇಲಾಖೆಯವರು ಒಂದು ತಿಂಗಳು ಕೆಲಸಕ್ಕೆ ಬರಬೇಡ ಎಂದರು. ಅವನು ತಲೆಯಾಡಿಸಿ, ಆ ತಾಯಿ ಮರಿಯ ಚಿತ್ರವನ್ನು ಇನ್ನೊಮ್ಮೆ ತೋರಿಸಿ ಎಂದು ಮೈಥಿಲಿಯನ್ನು ಕೇಳಿದ. ಮಲ್ಲೇಶನೂ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನು ನಗಲಿಲ್ಲ.

ನನ್ನನ್ನು ಬೇರೆ ಬೆಟ್ಟಕ್ಕೆ ಒಯ್ಯಲಿಲ್ಲ, ತರಕರಡಿಗೆಂದು ಅಲ್ಲೇ ಬಿಟ್ಟರು. ಮಳೆಗೆ ಮುಂಚೆ ಒಂದು ಸಲಗ ನನ್ನನ್ನು ಕಿತ್ತು ಕಲ್ಲಿಗೆ ಬಡಿದು ಮೇಲೆ ಕಾಲಿಟ್ಟಿತು. ಈಗ ಕೇಂದ್ರದ ಮೇಜಿನ ಮೇಲಿದ್ದೇನೆ, ಕಣ್ಣು ಒಡೆದಿದೆ. ಕಾಗದ ಹಾರದಂತೆ ಒತ್ತಿಡಲು ಆಗುತ್ತೇನೆ. ನೋಡುವ ಚಪಲ ತೀರಿ ಕೇಳುವ ಚಪಲ ಹತ್ತಿದೆ.

ಮೊನ್ನೆ ಅಚ್ಚುಗೇಗೌಡ ಬಂದಿದ್ದ. ಮೈಥಿಲಿ ತಾನು ಬರೆದದ್ದನ್ನು ಓದಿ ಹೇಳಿದಳು. "ಈ ಬೆಟ್ಟದಲ್ಲಿ ಮೊದಲ ಬಾರಿಗೆ..."

"ಮೊದ್ಲು ಅಂತ ಬರೀಬ್ಯಾಡಿ ಮೇಡಮ್ಮೋರೆ. ನಮ್ಮಪ್ಪ ನೋಡಿದ್ದ."

ಪೆನ್ನು ಆ ಪದವನ್ನು ಹೊಡೆದುಹಾಕಿದ ಸದ್ದಾಯಿತು. ಅವನ ಅಪ್ಪನ ಹೆಸರೇನೆಂದು ಅವಳು ಕೇಳಿದಳು. ಜಡೇಗೌಡ ಎಂದ. ಆ ಹೆಸರನ್ನೂ ಬರೆದುಕೊಂಡಳು. ಆಮೇಲೆ ಕುರ್ಚಿ ಹತ್ತಿರ ಎಳೆದು, "ಪಟ್ಟಿಯಲ್ಲಿ ಇಲ್ಲದ್ದು ಇನ್ನೇನೇನು ನೋಡಿದ್ದೀರಿ ಅಚ್ಚುಗಣ್ಣ?" ಎಂದಳು.

 ಅವನ ಒರಟು ಬೆರಳು ನನ್ನ ಒಡೆದ ಗಾಜನ್ನು ಸವರಿತು. "ಅವಕ್ಕೆ ಫೋಟ ಇಲ್ಲ ಕನವ್ವ."

"ಫೋಟೊ ಬೇಡ. ನೀವು ಹೇಳಿ."

ಅವನು ಗಂಟಲು ಸರಿಮಾಡಿಕೊಂಡು ಒಂದು ಹಕ್ಕಿಯಿಂದ ಶುರುಮಾಡಿದ. ಊಟದ ಹೊತ್ತು ಮೀರಿದರೂ ಅವಳು ಬರೆಯುತ್ತಲೇ ಇದ್ದಳು.