ಹದಿನಾರು ಶಾಲು

ಊಟಿಯಲ್ಲಿ ಮಂಜು ಇಳಿಯುವುದು ಮೂರಕ್ಕೆ. ಮುಖ್ಯ ಅತಿಥಿ ಬರುವುದು ಅವರಿಗೆ ಮನಸ್ಸಾದಾಗ. ಇವೆರಡರ ನಡುವೆ ಒಂದು ಟೆನಿಸ್ ಫೈನಲ್ ಆಡಿಸುವುದು ಜಿಲ್ಲಾ ಸಂಘದ ಕಾರ್ಯದರ್ಶಿ ಶೋಭಾರಾಣಿಯ ಕೆಲಸ. ತಾನೇ ಆಡುತ್ತಿದ್ದಾಗ ಇಷ್ಟು ಕಷ್ಟವಿರಲಿಲ್ಲ. ಎದುರಾಳಿ ಒಬ್ಬಳೇ, ಅದೂ ನೆಟ್ಟಿನ ಆಚೆ. ಈಗ ಹದಿನಾರು ಮಂದಿ, ಎಲ್ಲರೂ ಕಮಿಟಿಯಲ್ಲೇ.

ಬೆಳಗಿನ ಮಳೆಗೆ ಸಿಮೆಂಟ್ ಕೋರ್ಟಿನಲ್ಲಿ ನೀರು ನಿಂತಿತ್ತು. ಆಗಲೇ ಒಂದೂವರೆ. ಸಂಜೆಯೊಳಗೆ ಗೆದ್ದವಳ ಹೆಸರು ರಾಜ್ಯ ಪಂದ್ಯಕ್ಕೆಂದು ಚೆನ್ನೈಗೆ ಹೋಗಬೇಕು. ಆಟವಾಗದಿದ್ದರೆ ನಾಣ್ಯ ಚಿಮ್ಮಿ ತೀರ್ಮಾನ. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಕೋರ್ಟಿನಲ್ಲಿ ಶೋಭಾರಾಣಿ ನಾಣ್ಯಕ್ಕೆ ಸೋತು ಮನೆಗೆ ನಡೆದಿದ್ದಳು. ಇವತ್ತು ತೇನ್ಮೊಳಿಯ ಎದುರು ಆಡಬೇಕಿದ್ದ ಕೀಳ್ ಕೋತಗಿರಿಯ ಸರಣ್ಯಾ ಬೆಂಚಿನ ಮೇಲೆ ಉಗುರು ಕಚ್ಚುತ್ತಿದ್ದಳು. ಪಕ್ಕದಲ್ಲಿ ಎಸ್ಟೇಟಿಗೆ ರಜೆ ಹಾಕಿ ಬಂದ ಅವಳ ತಾಯಿ ಲಿಂಗಿ.

"ಮೊದ್ಲು ಕಮಿಟಿಯೋರ ಸನ್ಮಾನ ಮುಗಿಸ್ಬುಡನ ಕಣಮ್ಮ," ಎಂದರು ಅಧ್ಯಕ್ಷ ಗುರುಸ್ವಾಮಿ. ಕ್ಯಾರೆಟ್ ಮಂಡಿಯ ಯಜಮಾನರು; ಬ್ಯಾಟು ಹಿಡಿದದ್ದು ಸೊಳ್ಳೆ ಹೊಡೆಯಲು, ಅದೂ ಮೈಸೂರಿನ ಬೀಗರ ಮನೆಯಲ್ಲಿ.

"ನೀರು ಒರೆಸೋಕೆ ಬಟ್ಟೆ ಎಲ್ಲಣ್ಣ? ಮೂರು ಸಲ ಹೇಳಿದ್ದೆ."

"ಶಾಲು ತರ್ಸೋ ಗಲಾಟೇಲಿ ಮರ್ತೇ ಹೋಯ್ತು."

ಶೋಭಾರಾಣಿ ಮೇಜಿನ ಮೇಲಿದ್ದ ಹದಿನಾರು ಶಾಲುಗಳನ್ನೂ ಬಾಚಿಕೊಂಡು ಕೋರ್ಟಿಗಿಳಿದಳು.

"ಅಯ್ಯಯ್ಯೋ, ಅದು ಮರ್ಯಾದೆ ಕಣಮ್ಮ!"

"ನೆನೆದ್ರೆ ಒಣಗುತ್ತೆ ಬಿಡಿ."

ಆದರೆ ಜರಿಯಂಚಿನ ಆ ನೈಲಾನು ಒಂದು ಹನಿಯನ್ನೂ ಹೀರಲಿಲ್ಲ. ನೀರನ್ನು ಈ ಮೂಲೆಯಿಂದ ಆ ಮೂಲೆಗೆ ತಳ್ಳಿತು, ಥೇಟ್ ಕಮಿಟಿಯ ಹಾಗೆ.

ಲಿಂಗಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಅದು ತೋರ್ಸಾ ಬಟ್ಟೆ. ಒರ್ಸಾ ಬಟ್ಟೆ ಬ್ಯಾರೆ," ಎಂದವಳೇ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮಂಡಿಯೂರಿದಳು. ಶೋಭಾರಾಣಿಯ ಕಣ್ಣು ಗುರುಸ್ವಾಮಿಯವರ ಕೊರಳಿನ ದಪ್ಪ ಟವೆಲ್ಲಿಗೆ ಹೋಯಿತು.

"ನೋಡ್ಬ್ಯಾಡ ಕಣಮ್ಮ. ನಂಗೆ ನೆಗಡಿ."

"ಅಣ್ಣಾ."

ಆ ದನಿಯಲ್ಲಿ ಚೌಕಾಸಿಗೆ ಜಾಗವಿಲ್ಲವೆಂದು ಮಂಡಿಯ ಯಜಮಾನರಿಗೆ ಗೊತ್ತಾಯಿತು.

ಎರಡಕ್ಕೆ ಒಂದೇ ಸೆಟ್ಟಿನ ಆಟ ಶುರುವಾಯಿತು. ಮೂರಕ್ಕೆ ಹತ್ತು ನಿಮಿಷವಿರುವಾಗ ಸರಣ್ಯಾ ಸೋತಳು. ಮೂಗು ಒರೆಸಿಕೊಳ್ಳುತ್ತ ಬಂದವಳ ಬೆನ್ನ ಮೇಲೆ ಶೋಭಾರಾಣಿ ಕೈಯಿಟ್ಟಳು.

"ಯಾವ್ದಕ್ಕೆ ಸೋತೆ ಮಗಾ?"

"ತೇನ್ಮೊಳಿಯ ಬ್ಯಾಕ್‌ಹ್ಯಾಂಡಿಗೆ."

"ಸರಿ. ಅದನ್ನ ಕಲೀಬಹುದು. ಸೋಮವಾರ ಬಾ."

ಅಷ್ಟರಲ್ಲಿ ಮಂಜು ಇಳಿಯಿತು, ಹಿಂದೆಯೇ ಮುಖ್ಯ ಅತಿಥಿಯ ಕಾರು. ಏನೂ ಹೀರದ ಶಾಲುಗಳು ಒದರಿದೊಡನೆ ಒಣಗಿದ್ದವು. ಗುರುಸ್ವಾಮಿ ಸೀನುತ್ತಲೇ ಒಂದನ್ನು ಅತಿಥಿಗೆ ಹೊದಿಸಿ, ಇನ್ನೊಂದನ್ನು ಸದ್ದಿಲ್ಲದೆ ತಾವೇ ಹೊದ್ದುಕೊಂಡರು.